ಮುಂದಿನ ಎರಡು ಗಾಲಿಗಳು

ಕಾಯ್ದ ಸೈಲೆನ್ಸರಿನ ಮೇಲೆ ಹಸಿ ಎರೆಮಣ್ಣು ಕೂತು ಸುಡುವ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ರೊಟ್ಟಿ ಹೊತ್ತಿದ ವಾಸನೆ ಅಲ್ಲ, ಇಟ್ಟಂಗಿ ಬೇಯುವ ವಾಸನೆಯೂ ಅಲ್ಲ, ಎರಡರ ನಡುವಿನದು. ಹೋದ ವಾರ ಕಾಗವಾಡದ ಗ್ಯಾರೇಜಿನ ಮುಂದೆ ನನ್ನ ಸ್ಕೂಟಿಯ ಪಂಕ್ಚರ್ ತೆಗೆಸುತ್ತ ನಿಂತಿದ್ದಾಗ, ನೀರು ಹಾಯಿಸಿದ ದ್ರಾಕ್ಷಿ ತೋಟದಿಂದ ನೇರ ಬಂದ ಪಿಕಪ್ ಒಂದು ಪಕ್ಕದಲ್ಲಿ ನಿಂತಿತು. ಅದರ ಹೊಟ್ಟೆಗೆಲ್ಲ ರಾಡಿ ಮೆತ್ತಿತ್ತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎಡಗಾಲು ಮೊಣಕಾಲಿನಿಂದ ಕೆಳಗೆ ನೋಯತೊಡಗಿತು. ಅದು ಕ್ಲಚ್ ತುಳಿದ ಕಾಲು. ಐದು ವರ್ಷವಾದರೂ ಆ ಮಳೆಗಾಲದ ದಣಿವು ಅದರಿಂದ ಇನ್ನೂ ಇಳಿದಿಲ್ಲ.

ನಮ್ಮದು ಉಗಾರ ಬುದ್ರುಕ. ಊರೊಳಗಲ್ಲ, ತೋಟದಲ್ಲಿ ಮನೆ. ಡಾಂಬರು ರಸ್ತೆಯಿಂದ ನಮ್ಮ ಅಂಗಳಕ್ಕೆ ಒಂದೂವರೆ ಕಿಲೋಮೀಟರು. ಎರಡೂ ಬದಿಗೆ ಕಬ್ಬು, ನಡುವೆ ಎರೆಮಣ್ಣಿನ ದಾರಿ. ಬೇಸಿಗೆಯಲ್ಲಿ ಅದರ ಮೇಲೆ ತೇರು ಎಳೆಯಬಹುದು, ಅಷ್ಟು ಗಟ್ಟಿ. ಮಳೆ ಬಿದ್ದ ಅರ್ಧ ತಾಸಿಗೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಅರ್ಧ ದಾರಿಯಲ್ಲಿ ಒಂದು ತಗ್ಗಿದೆ, ಅದಕ್ಕೆ ಮನೆಯವರೆಲ್ಲ ಮಡು ಎನ್ನುತ್ತಾರೆ. ಮಳೆಗಾಲದಲ್ಲಿ ಆ ಮಡುವಿನಲ್ಲಿ ಎತ್ತು ಸಹ ಹೆಜ್ಜೆ ಇಡಲು ಹಿಂದೆಮುಂದೆ ನೋಡುತ್ತದೆ.

ಆ ವರ್ಷ ಏಪ್ರಿಲ್‌ನಲ್ಲಿ ಮಿರಜದ ಡಾಕ್ಟರು ನಮ್ಮ ಅತ್ತೆಯ ಎರಡೂ ಕಿಡ್ನಿ ಕೈಬಿಟ್ಟಿವೆ ಎಂದರು. ಇನ್ನು ಮುಂದೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ ರಕ್ತ ತೊಳೆಯುವ ಯಂತ್ರದ ಪಕ್ಕದಲ್ಲಿ ಅವರು ಮಲಗಿರಬೇಕು. ಒಂದು ಸರದಿ ತಪ್ಪಿದರೆ ಮೈಯೆಲ್ಲ ನೀರು ತುಂಬುತ್ತದೆ, ಎರಡು ತಪ್ಪಿದರೆ ಆ ನೀರು ಎದೆಗೆ ಏರುತ್ತದೆ. ಡಾಕ್ಟರು ಇದನ್ನು ಬಹಳ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ನಮ್ಮ ಮನೆಯವರು ರಾಯಬಾಗದ ಕಡೆ ಒಂದು ಹೈಸ್ಕೂಲಿನಲ್ಲಿ ಮಾಸ್ತರು. ಬೇಸಿಗೆ ರಜೆ ಇರುವ ತನಕ ಬಾಡಿಗೆ ಕಾರು ಮಾಡಿ ಅವರೇ ತಾಯಿಯನ್ನು ಕರೆದೊಯ್ದರು. ಜೂನ್ ಬಂತು, ಶಾಲೆ ತೆರೆಯಿತು, ಆಕಾಶವೂ ತೆರೆಯಿತು. ಬಾಡಿಗೆ ಕಾರಿನವನು ಫೋನಿನಲ್ಲಿ, "ಡಾಂಬರ ತನಕ ಬರ್ತೇನ್ರಿ ಬಾಯಾರ, ಒಳಗ ಬರಾಂವ ಅಲ್ಲ" ಎಂದ. ಆಂಬುಲೆನ್ಸಿನವರೂ ಅದನ್ನೇ ಹೇಳಿದರು. ಒಂದು ಸಲ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹಾಸಿಗೆ ಹಾಸಿ ಒಯ್ದೆವು. ಡಾಂಬರು ಮುಟ್ಟುವುದರೊಳಗೆ ಅತ್ತೆ ಮೂರು ಸಲ ವಾಂತಿ ಮಾಡಿಕೊಂಡರು.

ಉಳಿದದ್ದು ತಗಡು ಪತ್ರಾಸಿನ ಶೆಡ್ಡಿನಲ್ಲಿ ನಿಂತಿದ್ದ ಮಾವನ ಹಳೇ ಜೀಪು. ಇಪ್ಪತ್ತೆರಡು ವರ್ಷದ ಹಿಂದೆ ಸಾಂಗಲಿಯ ಒಬ್ಬರಿಂದ ಮಾವ ಅದನ್ನು ಕೊಂಡು ತಂದಿದ್ದರು. ನಾಲ್ಕೂ ಗಾಲಿ ಎಳೆಯುವ ಗಾಡಿ. ಅದರಲ್ಲಿ ಅವರು ಮಡು ದಾಟದ ಮಳೆಗಾಲವಿಲ್ಲ. ಆದರೆ ಈಗ ಮಾವನಿಗೆ ಕಾಚಬಿಂದು ಆಗಿ ಕಣ್ಣಿನ ನರ ಒಣಗಿದ್ದವು. ಬೆಳಕು ಯಾವುದು, ನೆರಳು ಯಾವುದು, ಇಷ್ಟೇ ತಿಳಿಯುತ್ತಿತ್ತು. ಅವರು ಒಂದು ಸಂಜೆ ನನ್ನನ್ನು ಕರೆದು, "ಸುನಂದಾ, ಸ್ಕೂಟಿ ಹೊಡಿತಿ ಅಂದ್ರ ಇದನ್ನೂ ಹೊಡಿತಿ, ಬಾ" ಎಂದರು. ಅವರು ಕಣ್ಣಿಲ್ಲದೆ ಕಲಿಸಿದರು, ನಾನು ಕಣ್ಣಿದ್ದೂ ಕಲಿಯಲಾರದೆ ಒದ್ದಾಡಿದೆ.

ಮಾವ ಎಡಗಡೆ ಕೂತು ಇಂಜಿನ್ನಿನ ಸಪ್ಪಳ ಕೇಳಿಯೇ ಗೇರು ಹೇಳುತ್ತಿದ್ದರು. ದೊಡ್ಡ ಗೇರಿನ ಪಕ್ಕದಲ್ಲಿ ಎರಡು ಗಿಡ್ಡ ಕೋಲುಗಳು. ಒಂದು ಮುಂದಿನ ಗಾಲಿಗಳನ್ನೂ ಕೆಲಸಕ್ಕೆ ಹಚ್ಚುವುದು, ಇನ್ನೊಂದು ಗಾಡಿಯ ವೇಗ ಕಡಿಮೆ ಮಾಡಿ ಬಲ ಹೆಚ್ಚಿಸುವುದು. ಎರಡನ್ನೂ ರಾಡಿಗೆ ಇಳಿಯುವ ಮೊದಲೇ, ಗಾಡಿ ಪೂರಾ ನಿಲ್ಲಿಸಿ, ಕ್ಲಚ್ ಒತ್ತಿ ಹಾಕಬೇಕು. ಸಿಕ್ಕಿಬಿದ್ದ ಮೇಲೆ ಹಾಕಲು ಹೋಗುವವನು ಮೂರ್ಖ ಎನ್ನುವುದು ಮಾವನ ಮಾತು. ಎರಡನೇ ಗೇರಿನಲ್ಲಿ ಹೋಗಬೇಕು, ಆಕ್ಸಿಲರೇಟರ್ ಮೇಲೆ ಕಾಲು ಒಂದೇ ಸಮ ಇರಬೇಕು, ಕ್ಲಚ್ಚಿನ ಮೇಲೆ ಕಾಲು ಇಡಲೇಬಾರದು, ನಡುವೆ ನಿಲ್ಲಬಾರದು. ಡಾಂಬರು ಮುಟ್ಟಿದ ಕೂಡಲೇ ಕೋಲು ಹಿಂದಕ್ಕೆ ತೆಗೆಯಬೇಕು. ಮರೆತು ಹಾಗೇ ಓಡಿಸಿದರೆ ಸ್ಟಿಯರಿಂಗ್ ಕಲ್ಲಾಗುತ್ತದೆ, ಕೋಲು ಬಿಗಿದುಕೊಳ್ಳುತ್ತದೆ.

"ಬಿಗೀತಂದ್ರ ಜಗ್ಗ್ಯಾಡಬ್ಯಾಡ. ರಿವರ್ಸ ಹಾಕಿ ನಾಕ ಮಾರ ನೆಟ್ಟಗ ಹಿಂದ ಸರಿ. ತಾನ ಬಿಡತೈತಿ" ಎನ್ನುತ್ತಿದ್ದರು.

ಇಷ್ಟನ್ನು ಒಣ ಅಂಗಳದಲ್ಲಿ ಹದಿನೈದು ದಿನ ಬಾಯಿಪಾಠ ಮಾಡಿದೆ. ಮೊದಲ ದೊಡ್ಡ ಮಳೆ ಗುರುವಾರ ಬಂತು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದೆ. ಮಾವ ಮುಂದೆ ಹತ್ತಿದರು. ಎರಡೂ ಕೋಲು ಹಾಕಿದೆ. ಮಡುವಿನ ತನಕ ಗಾಡಿ ಹೊಯ್ದಾಡುತ್ತ ಬಂತು. ಮಡುವಿನ ನಡುವೆ ನಿಂತುಬಿಟ್ಟಿತು. ಹಿಂದಿನ ಗಾಲಿ ಗಿರಗಿರ ತಿರುಗಿ ಕಬ್ಬಿನ ಮೇಲೆಲ್ಲ ರಾಡಿ ಸಿಡಿಸಿತು, ಗಾಡಿ ಗೇಣು ಮುಂದೆ ಹೋಗಲಿಲ್ಲ.

"ಕ್ಲಚ್ ಅರ್ಧಾ ಬಿಡಾಕತ್ತಿ ನೀ" ಎಂದರು ಮಾವ.

"ಪೂರಾ ಬಿಟ್ಟೇನ್ರಿ."

"ಸಣ್ಣ ಗೇರ ಬಿದ್ದೈತ್ಯೇನ?"

"ಎರಡೂ ಬಿದ್ದಾವ್ರಿ ಮಾವ."

"ಬಿದ್ದಿದ್ರ ಗಾಡಿ ಯಾಕ ನಿಂದರತೈತಿ? ಇಪ್ಪತ್ತ ವರ್ಷ ಇದ ಮಡುವಿನ್ಯಾಗ ಹೊಡದೇನಿ, ಒಂದ ಸಲಾ ನಿಂತಿಲ್ಲ. ನಿನ್ನ ಕಾಲಾಗ ಕಸುವಿಲ್ಲ."

ಒಂಬತ್ತಾಗುತ್ತ ಬಂದಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆಗ ಹಿಂದಿನಿಂದ ಅತ್ತೆ, ನಿದ್ದೆಯಿಂದ ಎದ್ದವರ ಹಾಗೆ, "ಸುನಂದಾ, ಹಬ್ ತಿರುವಿಯೇನ?" ಎಂದು ಕೇಳಿದರು.

"ಯಾವ ಹಬ್ ಅತ್ತಿ?"

"ಮುಂದಿನ ಗಾಲಿ ನಟ್ಟನಡುವ ಒಂದ ಬಿಲ್ಲಿ ಐತೆಲ್ಲ. ಅದನ ಇಳದ ಕೈಲೆ ತಿರುವಬೇಕ. ಎರಡೂ ಗಾಲೀದು. ಇಲ್ಲಂದ್ರ ಒಳಗ ಎಷ್ಟ ಕೋಲ ಹಾಕಿದ್ರೂ ಮುಂದಿನ ಗಾಲಿ ಎಳಿಯಂಗಿಲ್ಲ."

ಮಾವ ಕತ್ತು ಹಿಂದೆ ತಿರುಗಿಸಿದರು. "ನಿನಗ ಹೆಂಗ ಗೊತ್ತ?"

"ನಾನ ತಿರುವತಿದ್ನೆಲ್ರಿ" ಎಂದರು ಅತ್ತೆ. ಅವರ ದನಿಯಲ್ಲಿ ದೂರು ಇರಲಿಲ್ಲ, ನೆನಪಿಲ್ಲದವರಿಗೆ ನೆನಪು ಮಾಡಿಕೊಡುವ ದನಿ ಅಷ್ಟೇ. "ಗಾಡಿ ತಂದ ಹೊಸದಾಗ ನೀವ ಹೇಳಿದ್ರಿ, ಅದೊಂದ ನೀ ನೋಡ್ಕೋ ಅಂತ. ಆಮ್ಯಾಲ ಹೇಳೂ ಪ್ರಸಂಗನ ಬರ್ಲಿಲ್ಲ. ಇಲ್ಲಿ ರಾಡಿ ಸುರು ಆಗೂದರಾಗ ಇಳದ ಹಾಕತಿದ್ದೆ, ಡಾಂಬರ ಮುಟ್ಟಿದ ಮ್ಯಾಲ ಇಳದ ತಗೀತಿದ್ದೆ. ನಾ ಗಾಡ್ಯಾಗ ಇಲ್ಲದ ದಿನಾ ಯಾರರ ಆಳ ಮಾಡತಿದ್ರ."

ಇಳಿದೆ. ಪಾದ ಹೋಯಿತು, ಮೀನಖಂಡ ಹೋಯಿತು, ಮೊಣಕಾಲ ತನಕ ರಾಡಿ. ಸೆರಗಿನಿಂದ ಗಾಲಿಯ ನಡು ಒರೆಸಿದೆ. ಅತ್ತೆ ಹೇಳಿದ ಬಿಲ್ಲೆ ಇತ್ತು, ಅದರ ಮೇಲೆ ಬರೆದದ್ದು ಸವೆದುಹೋಗಿತ್ತು. ಯಾವ ಕಡೆ ಎಂದು ಕೂಗಿ ಕೇಳಿದೆ. "ಬಲಕ್ಕ. ಕಟ್ ಅನ್ನೂ ತನಕ ಬಿಡಬ್ಯಾಡ" ಎಂದರು ಅತ್ತೆ. ಕಟ್ ಎಂದಿತು. ಗಾಡಿ ಸುತ್ತಿ ಬಂದು ಇನ್ನೊಂದನ್ನು ತಿರುವಿದೆ. ಹತ್ತಿ ಕ್ಲಚ್ ಬಿಟ್ಟರೆ ಮುಂದಿನ ಗಾಲಿಗಳು ನೆಲ ಕಚ್ಚಿದ್ದು ಸ್ಟಿಯರಿಂಗಿನಲ್ಲೇ ಗೊತ್ತಾಯಿತು. ಜೀಪು ತಿಣುಕುತ್ತ ಮಡುವಿನಿಂದ ಎದ್ದು ಬಂತು. 

ಇಪ್ಪತ್ತು ಮಳೆಗಾಲ ಸ್ಟಿಯರಿಂಗ್ ಹಿಡಿದ ಮನುಷ್ಯನಿಗೆ ತನ್ನ ಗಾಡಿಯ ಮುಂದಿನ ಗಾಲಿ ಯಾರ ಕೈಯಿಂದ ತಿರುಗುತ್ತಿತ್ತೆಂದು ನೆನಪೇ ಇರಲಿಲ್ಲ. ನನಗಂತೂ ಆ ದಿನ ಮಾವನ ಮೇಲೆ ಒಂದಿಷ್ಟೂ ಕನಿಕರ ಬರಲಿಲ್ಲ.

ಮಿರಜ ಮುಟ್ಟಿದಾಗ ಹತ್ತೂ ಮುಕ್ಕಾಲು. ಯಂತ್ರ ನೋಡಿಕೊಳ್ಳುವ ಹುಡುಗಿ ನನ್ನ ಕಾಲಿನ ರಾಡಿ ನೋಡಿ, "ಅರೇ ಕಾಕೂ, ಶೇತಾತೂನ ಆಲಾತ ಕಾ?" ಎಂದು ಮರಾಠಿಯಲ್ಲಿ ಕೇಳಿದಳು. ಹೊಲದಿಂದ ಬಂದಿರೇನು ಎಂದು. ಹೌದೆಂದೆ. ಅವಳು ಬಯ್ಯದೆ ಅತ್ತೆಗೆ ಯಂತ್ರ ಹಚ್ಚಿದಳು. ಆ ಹುಡುಗಿಯ ಋಣ ನನ್ನ ಮೇಲಿದೆ.

ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ಇದೇ ಕೆಲಸ. ನಸುಕಿನಲ್ಲಿ ಎದ್ದು ಅಡುಗೆ, ಎಂಟಕ್ಕೆ ಜೀಪು, ಇಳಿದು ಹಬ್ ಹಾಕು, ಮಡು, ಇಳಿದು ಹಬ್ ತೆಗೆ, ಕಾಗವಾಡ, ಮಿರಜ, ನಾಲ್ಕು ತಾಸು ಬೆಂಚು, ಡಾಕ್ಟರು ನೋಡಿ ಬಿಡುವ ತನಕ ಇನ್ನೆರಡು ತಾಸು, ಮತ್ತೆ ಕಾಗವಾಡ, ಹಬ್, ಮಡು, ಹಬ್. ಬರುವಾಗ ಇನ್ನೊಂದು ಓಟವಿತ್ತು. ನಾವು ಜೈನರು, ಅತ್ತೆಗೆ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದ ನೇಮ. ಮದುವೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದದ್ದು. ಯಂತ್ರದಿಂದ ಎದ್ದಾಗ ವಾಕರಿಕೆ, ಡಬ್ಬಿ ತೆರೆಯಲು ಒಲ್ಲೆ ಎನ್ನುತ್ತಿದ್ದರು. ಹಸಿವು ಹತ್ತುತ್ತಿದ್ದುದು ಮನೆ ಹತ್ತಿರ ಬಂದಾಗ. ಬೆಳಕಿರುವಾಗ ಮನೆ ಮುಟ್ಟಿದರೆ ಎರಡು ತುತ್ತು ಉಣ್ಣುತ್ತಿದ್ದರು. ಮಡುವಿನಲ್ಲಿ ಸಿಕ್ಕಿಬಿದ್ದರೆ ಹಾಗೇ ಮಲಗುತ್ತಿದ್ದರು. ಕಾಯಿಲೆಯವರಿಗೆ ನೇಮ ಬೇಡ ಎಂದು ಸ್ವಾಮಿಗಳೇ ಹೇಳಿ ಕಳಿಸಿದ್ದರು. ಅತ್ತೆ ಕೇಳಲಿಲ್ಲ.

"ಮುನಿಗಳು ಚಾತುರ್ಮಾಸದಾಗ ನಾಕ ತಿಂಗಳ ಒಂದ ಕಡಿ ಕುಂದರತಾರ" ಎಂದು ಒಂದು ದಿನ ನಕ್ಕರು. "ನನ್ನ ನೋಡ, ವಾರಕ್ಕ ಎರಡ ಸಲಾ ವಿಹಾರ."

ದಿನಕ್ಕೆ ಅರ್ಧ ಲೀಟರು ನೀರು ಮಾತ್ರ ಕುಡಿಯಬೇಕು ಎಂದಿತ್ತು. ಆ ವರ್ಷ ಹೊಳೆ ನಮ್ಮ ಕೆಳಗಿನ ಬದುವಿನ ತನಕ ಬಂದು ನಿಂತಿತ್ತು, ಆಕಾಶದಲ್ಲೂ ನೀರು, ನೆಲದಲ್ಲೂ ನೀರು. ಅತ್ತೆ ಕಿಟಕಿಯ ಹತ್ತಿರ ಕೂತು ಒದ್ದೆ ಬಟ್ಟೆಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ನಿಂತು ನೀರು ಕುಡಿಯುತ್ತಿದ್ದೆ, ಅವರಿಗೆ ಕಾಣದ ಹಾಗೆ.

ಆಗಸ್ಟಿನಲ್ಲಿ ನನ್ನ ಕಾಲ್ಬೆರಳ ಸಂದಿ ಕೊಳೆತವು. ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡೆ, ಅದಕ್ಕೂ ಅತ್ತೆ ಏನೂ ಅನ್ನಲಿಲ್ಲ. ಒಂದು ಶುಕ್ರವಾರ ಮಡುವಿನಲ್ಲಿ ಜೀಪಿನ ಹಿಂಭಾಗ ಜಾರಿ ಕಬ್ಬಿನೊಳಗೆ ಹೋಯಿತು. ಮುಂದೆ ಹಾಕಿದೆ, ಹಿಂದೆ ಹಾಕಿದೆ, ಸ್ಟಿಯರಿಂಗ್ ಅತ್ತಿತ್ತ ಆಡಿಸಿದೆ. ಹಬ್ ಹಾಕಿತ್ತು, ಕೋಲು ಹಾಕಿತ್ತು, ಎಲ್ಲ ಬರೋಬ್ಬರಿ ಇತ್ತು, ಗಾಡಿ ಮಾತ್ರ ಬರಲಿಲ್ಲ. ಇಂಜಿನ್ ಆರಿಸಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟೆ. ಇವತ್ತು ತಪ್ಪಿದರೆ ತಪ್ಪಲಿ ಎಂದುಕೊಂಡೆ. ಮುಚ್ಚಿಟ್ಟು ಏನು ಮಾಡಲಿ, ಇವತ್ತಿನದಷ್ಟೇ ಅಲ್ಲ, ಇದೆಲ್ಲ ಒಮ್ಮೆ ಮುಗಿದುಹೋಗಲಿ ಎಂದೂ ಅಂದುಕೊಂಡೆ. ಮುಗಿಯುವುದು ಎಂದರೆ ಏನು ಎಂದು ನನಗೆ ಗೊತ್ತಿತ್ತು.

"ಬ್ಯಾಸರಾತೇನ?" ಎಂದರು ಅತ್ತೆ ಹಿಂದಿನಿಂದ.

"ಇಲ್ರಿ."

"ಸುಳ್ಳ ಹೇಳಬ್ಯಾಡ. ನನಗೂ ಬ್ಯಾಸರಾಗೇತಿ."

ಪತ್ರಾಸಿನ ಮೇಲೆ ಬಿದ್ದಂತೆ ಜೀಪಿನ ಟಪ್ಪಿನ ಮೇಲೆ ಮಳೆ ಬೀಳುತ್ತಿತ್ತು.  ಆಮೇಲೆ ಮಾವ, "ಇಂಜಿನ್ ಚಾಲೂ ಮಾಡ. ಬಂದ ಗಾಲಿ ಗುರುತಿನ ಮ್ಯಾಗ ಸಾವಕಾಶ ಹಿಂದ ಹೋಗ, ಗಟ್ಟಿ ನೆಲಾ ಸಿಕ್ಕ ಮ್ಯಾಲ ಮತ್ತ ಬಾ" ಎಂದರು. ಅತ್ತೆ ಣಮೋಕಾರ ಮಂತ್ರ ಹೇಳತೊಡಗಿದರು. ನಾಲ್ಕನೇ ಪ್ರಯತ್ನಕ್ಕೆ ಪಾರಾದೆವು. ಆ ದಿನವೂ ಸರದಿ ತಪ್ಪಲಿಲ್ಲ.

ಸೆಪ್ಟೆಂಬರಿನಲ್ಲಿ ಬ್ರೇಕ್ ಬಿಗಿಸಲು ಕಾಗವಾಡದ ಗ್ಯಾರೇಜಿಗೆ ಹೋದಾಗ ಮಿಸ್ತ್ರಿ ನನ್ನ ಕಾಲು ನೋಡಿ ಏನಾಯಿತೆಂದು ಕೇಳಿದ. ಹಬ್ ತಿರುವಲು ದಿನಕ್ಕೆ ನಾಲ್ಕು ಸಲ ರಾಡಿಗೆ ಇಳಿಯುವ ಕಥೆ ಹೇಳಿದೆ. ಅವನು ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದ.

"ದಿನಾ ಯಾಕ ತಗಿತೀರಿ? ಮಿರಗದ ಮಳ್ಯಾಗ ಒಮ್ಮೆ ಹಾಕಿ ದಸರಾ ಮಟಾ ಹಂಗ ಬಿಡ್ರಿ. ಡಾಂಬರದಾಗ ಒಳಗಿನ ಕೋಲ ತಗದ್ರ ಸಾಕ. ಹಬ್ ಹಾಕಿದ್ರ ಏನೂ ಆಗಂಗಿಲ್ಲ, ಡೀಸಲ್ ಒಂದ ಚೂರ ಹೆಚ್ಚ ಕುಡಿತೈತಿ, ಅಷ್ಟ."

ಇದನ್ನು ಮನೆಯಲ್ಲಿ ಹೇಗೆ ಹೇಳುವುದು? ಎರಡು ದಿನ ಹೇಳಲಿಲ್ಲ. ಮಂಗಳವಾರ ಡಾಂಬರು ಮುಟ್ಟಿದೆವು, ಕೋಲು ತೆಗೆದು ಗಾಡಿಯಿಂದ ಇಳಿಯದೆ ಹಾಗೇ ಮುಂದೆ ಹೊರಟೆ. ಅತ್ತೆ, "ಹಬ್ ಮರತಿ" ಎಂದರು. ಮಿಸ್ತ್ರಿ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅಂದ್ರ ಎಂದೂ ಇಳಿಯೂದ ಬ್ಯಾಡಾಗಿತ್ತೇನ?"

"ಮಳಿಗಾಲ ಪೂರ್ತಿ ಹಂಗ ಬಿಟ್ರ ನಡೀತಿತ್ತಂತ್ರಿ."

ಅತ್ತೆ ತಮ್ಮ ಮೊಣಕಾಲು ಸವರಿಕೊಂಡರು. ಆಮೇಲೆ, "ಮೊಳಕಾಲ ಬಾತಿದ್ದ ವರ್ಷಾನೂ ಇಳದೇನಿ" ಎಂದರು, ಯಾರಿಗೂ ಅಲ್ಲ ಎಂಬಂತೆ.

"ಮಾರಿದಾಂವ ಹೇಳಿದ್ದ, ತಗದ್ರ ಡೀಸಲ್ ಉಳಿತೈತಿ ಅಂತ" ಎಂದರು ಮಾವ. 

"ಉಳೀತೇನ್ರಿ?" ಎಂದು ಅತ್ತೆ ಕೇಳಿದರು.  ಕಾಗವಾಡ ದಾಟಿತು, ಮಿರಜ ಬಂತು.

ದಸರಾ ಮುಗಿಯಿತು. ದಾರಿ ಒಣಗಿ ಗಾಲಿಯ ಅಚ್ಚುಗಳು ಹಾಗೇ ಗಟ್ಟಿಯಾದವು. ಈಗ ಒಂಬತ್ತಕ್ಕೆ ಹೊರಟರೂ ಸಾಕಾಗುತ್ತಿತ್ತು. ಇನ್ನು ಹಬ್ ಬಿಡಿಸಬಹುದು ಎಂದು ಆ ಮಂಗಳವಾರ ಡಾಂಬರಿನ ಅಂಚಿಗೆ ಜೀಪು ನಿಲ್ಲಿಸಿ ಬಾಗಿಲಿಗೆ ಕೈ ಹಾಕಿದೆ. ಮಾವ ನನ್ನ ತೋಳು ಹಿಡಿದರು. "ನೀ ಕುಂದ್ರ" ಎಂದರು.

ಅವರು ಇಳಿದರು. ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡು ಮುಂದೆ ಸರಿದು, ಗಾಲಿ ಸಿಕ್ಕ ಮೇಲೆ ಧೋತರ ಒಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂತರು. ಕಣ್ಣಿಲ್ಲದವರು ಮುಖ ತಡವಿ ಗುರುತು ಹಿಡಿಯುವ ಹಾಗೆ ಆ ಗಾಲಿಯನ್ನು ತಡವಿದರು. ಬಿಲ್ಲೆ ಸಿಕ್ಕಿತು. ತಿರುವಿದರು, ತಿರುಗಲಿಲ್ಲ.

ಅತ್ತೆ ಕಿಟಕಿಯಿಂದ ಹೊರಗೆ ಬಾಗಿದ್ದರು. "ಎಡಕ್ಕರಿ. ಹಾಕೂದ ಬಲಕ್ಕ, ತಗಿಯೂದ ಎಡಕ್ಕ. ಕಟ್ ಅನಬೇಕ."

ಕಟ್ ಎಂದಿತು. ಮಾವ ಎದ್ದು ಸೊಂಟಕ್ಕೆ ಕೈ ಕೊಟ್ಟು ನಿಂತರು, ಏನೋ ದೊಡ್ಡದನ್ನು ಮುಗಿಸಿದವರಂತೆ. ತಿರುಗಿ ತಮ್ಮ ಬಾಗಿಲು ಹುಡುಕತೊಡಗಿದರು.

"ಆ ಕಡೀದ ಉಳೀತ್ರಿ" ಎಂದರು ಅತ್ತೆ.

ಮಾವ ನಿಂತಲ್ಲೇ ನಿಂತರು. ಆಮೇಲೆ ಬಂಪರ್ ಹಿಡಿದುಕೊಂಡು, ಒಂದೊಂದೇ ಹೆಜ್ಜೆ, ಗಾಡಿ ಸುತ್ತಿ ನನ್ನ ಕಡೆಯ ಗಾಲಿಗೆ ಬಂದರು. ಗಡಿಯಾರ ನೋಡಿದೆ, ಒಂಬತ್ತೂಕಾಲು. ಲಗೂನ ಮಾಡ್ರಿ ಎನ್ನಲು ಬಾಯಿ ಬರಲಿಲ್ಲ. ಕನ್ನಡಿಯಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಗಂಡ ರಸ್ತೆಯ ಧೂಳಿನಲ್ಲಿ ಕೂತು ಗಾಲಿ ತಡವುವುದನ್ನು ಅವರು ಕಣ್ಣು ಕೀಳದೆ ನೋಡುತ್ತಿದ್ದರು, ಮುಖದಲ್ಲಿ ನಗುವೂ ಇರಲಿಲ್ಲ, ಗೆದ್ದ ಸುಖವೂ ಇರಲಿಲ್ಲ. ದಣಿದಿದ್ದರು, ಅಷ್ಟೇ. ಆ ದಿನ ಯಂತ್ರಕ್ಕೆ ಇಪ್ಪತ್ತು ನಿಮಿಷ ತಡವಾಯಿತು.

ಆ ಮಳೆಗಾಲದ ಒಂದು ಸರದಿಯನ್ನೂ ನಾವು ತಪ್ಪಿಸಲಿಲ್ಲ. ಅತ್ತೆ ಹೋದದ್ದು ಯುಗಾದಿ ಮುಗಿದ ಮೇಲೆ, ದಾರಿ ಕಲ್ಲಿನಂತೆ ಒಣಗಿದ್ದಾಗ, ಯಾವ ಕಾರು ಬೇಕಾದರೂ ಅಂಗಳಕ್ಕೆ ಬರಬಹುದಾಗಿದ್ದಾಗ. ಇದನ್ನು ನೆನೆಸಿಕೊಂಡರೆ ಈಗಲೂ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ. ಮರುವರ್ಷ ದಾರಿಗೆ ಕಾಂಕ್ರೀಟು ಬಿತ್ತು. ಮಡು ಇದ್ದಲ್ಲಿ ಈಗ ಸಿಮೆಂಟಿನ ಪೈಪು. ಜೀಪು ಶೆಡ್ಡಿನಲ್ಲಿದೆ, ಬ್ಯಾಟರಿ ಸತ್ತಿದೆ.

ಹೋದ ವಾರ ಕಾಗವಾಡದಿಂದ ಆ ವಾಸನೆ ಮೂಗಿನಲ್ಲೇ ಇಟ್ಟುಕೊಂಡು ಮನೆಗೆ ಬಂದೆ. ಮಿರಗದ ಮೊದಲ ಮಳೆ ಆಗಲೇ ಹನಿಯತೊಡಗಿತ್ತು. ಮಾವ ಶೆಡ್ಡಿನಿಂದ ಗೋಡೆ ಹಿಡಿದು ಬರುತ್ತಿದ್ದರು. ಧೋತರದ ಮೊಣಕಾಲಿಗೆ ಧೂಳು, ಬೆರಳಿಗೆ ಗ್ರೀಸಿನ ಕಪ್ಪು. ಪ್ರತಿ ವರ್ಷ ಮೊದಲ ಮಳೆಗೆ ಅವರು ಜೀಪಿನ ಹಬ್ ಹಾಕುತ್ತಾರೆ, ದಸರಾ ಆದ ಮೇಲೆ ಮತ್ತೆ ಹೋಗಿ ಬಿಡಿಸುತ್ತಾರೆ. ಎಲ್ಲಿಗೂ ಹೋಗದ ಗಾಡಿಗೆ ಯಾಕೆ ಎಂದು ನಾನು ಕೇಳಿಲ್ಲ. ಹೊಗಳಿಯೂ ಇಲ್ಲ.

ನನ್ನ ಹೆಜ್ಜೆ ಸಪ್ಪಳ ಕೇಳಿ ನಿಂತರು.

"ಸುನಂದಾ ಏನ? ಎರಡೂ ಕಡಿ ಹಾಕೇನಿ, ನೋಡ ಹೋಗ."

ಸ್ಕೂಟಿ ನಿಲ್ಲಿಸಿ ಶೆಡ್ಡಿಗೆ ಹೋಗಿ ಬಗ್ಗಿ ನೋಡಿದೆ. ಎರಡೂ ಹಾಕಿದ್ದರು.